ಇತರೆ ಕಡಿತ, ಇತರೆ ವೆಚ್ಚ

ಓದು ಮುಗಿದ ಮೇಲೆ ನಾನು ಮೊದಲು ಸೇರಿದ್ದು ಒಂದು ಬಟ್ಟೆ ಕಾರ್ಖಾನೆಯ ಟೈಮ್ ಆಫೀಸಿಗೆ. ಗೇಟಿನ ಪಕ್ಕದಲ್ಲೇ ಒಂದು ಚಿಕ್ಕ ಕೋಣೆ. ಬೆಳಿಗ್ಗೆ ಹಾಜರಿ ನೋಡುವುದು, ತಿಂಗಳ ಕೊನೆಗೆ ಸಂಬಳದ ಲೆಕ್ಕ ಹಾಕುವುದು, ಸಂಬಳದ ಚೀಟಿ ಹಂಚುವುದು ನನ್ನ ಕೆಲಸ. ಚೀಟಿಯಲ್ಲಿ ಪಿಎಫ್, ಇಎಸ್‌ಐ, ಅಡ್ವಾನ್ಸ್ ಅಂತ ಸಾಲುಗಳಿರುತ್ತಿದ್ದವು. ಎಲ್ಲಕ್ಕಿಂತ ಕೆಳಗೆ ‘ಇತರೆ ಕಡಿತ’ ಅಂತ ಇನ್ನೊಂದು ಸಾಲು. ಬಹಳ ಜನ ಅದನ್ನು ನೋಡುತ್ತಲೇ ಇರಲಿಲ್ಲ. ಕೈಗೆ ಬರುವ ಮೊತ್ತ ಎಷ್ಟು ಅಂತ ನೋಡಿ ಚೀಟಿ ಮಡಚಿಕೊಂಡು ಹೋಗುತ್ತಿದ್ದರು.

ಒಂದು ತಿಂಗಳು ಹೊಲಿಗೆ ಲೈನಿನ ಒಬ್ಬ ಹೆಂಗಸು ಊಟದ ಬಿಡುವಿನಲ್ಲಿ ನನ್ನ ಕಿಟಕಿಗೆ ಬಂದರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಚೀಟಿಯನ್ನು ಕಿಟಕಿಯ ಕಟ್ಟೆ ಮೇಲಿಟ್ಟು ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳಿದ್ದವು.

“ಸಾರ್, ಇದೇನಿದು?”

ಹಾಜರಿ ತೆಗೆದು ನೋಡಿದೆ. ಆ ತಿಂಗಳು ಮೂರು ದಿನ ತಡವಾಗಿ ಬಂದಿದ್ದರು. ಒಂದು ದಿನ 5 ನಿಮಿಷ, ಇನ್ನೊಂದು ದಿನ 8, ಮತ್ತೊಂದು ದಿನ 5. ತಡವಾದ ಪ್ರತಿ ಸಲಕ್ಕೂ ಅರ್ಧ ದಿನದ ಸಂಬಳ ಮುರಿಯಬೇಕು ಅನ್ನುವುದು ನಮ್ಮಲ್ಲಿದ್ದ ನಿಯಮ.

“ಲೇಟ್ ಫೈನ್ ಅಕ್ಕಾ” ಅಂದೆ.

ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದರು: “ಹೋದ ವಾರ ಎರಡು ದಿನ ರಾತ್ರಿ ಎಂಟರ ತನಕ ನಿಲ್ಲಿಸಿಕೊಂಡ್ರಲ್ಲ ಸಾರ್, ಅದು ಎಲ್ಲಿದೆ ಇದ್ರಲ್ಲಿ?”

ಅದು ಎಲ್ಲೂ ಇರಲಿಲ್ಲ. 18 ನಿಮಿಷಕ್ಕೆ ಒಂದೂವರೆ ದಿನದ ಸಂಬಳ ಹೋಗಿತ್ತು. ಹೆಚ್ಚುವರಿಯಾಗಿ ದುಡಿದ ಗಂಟೆಗಳಿಗೆ ಚೀಟಿಯಲ್ಲಿ ಒಂದು ಸಾಲು ಕೂಡ ಇರಲಿಲ್ಲ. ನಾನು ಏನೋ ತೊದಲಿದೆ. ಅವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡು ಹೋದರು.

ಸಂಬಳದ ಲೆಕ್ಕ ಹಾಕುವ ನನಗೆ ಸಂಬಳದ ಕಾನೂನು ಗೊತ್ತಿರಲಿಲ್ಲ. ಆ ಮಧ್ಯಾಹ್ನದ ನಂತರ ಹುಡುಕಿ ಓದಿದೆ. ಭಾರತದಲ್ಲಿ 1936ರಲ್ಲೇ ವೇತನ ಪಾವತಿ ಕಾಯ್ದೆ ಬಂದಿತ್ತು. ಕೆಲಸಗಾರರಿಗೆ ದಂಡ ಹಾಕುವುದನ್ನು ಅದು ಪೂರ್ತಿ ನಿಲ್ಲಿಸಲಿಲ್ಲ, ಆದರೆ ಸುತ್ತ ಗಟ್ಟಿಯಾದ ಬೇಲಿ ಹಾಕಿತು. ಯಾವ ತಪ್ಪಿಗೆ ದಂಡ ಅನ್ನುವ ಪಟ್ಟಿಗೆ ಸರ್ಕಾರದ ಒಪ್ಪಿಗೆ ಬೇಕು. ಆ ಪಟ್ಟಿಯನ್ನು ಕೆಲಸದ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ದಂಡ ಹಾಕುವ ಮೊದಲು ಕೆಲಸಗಾರರ ಮಾತು ಕೇಳಬೇಕು. 15 ವರ್ಷ ತುಂಬದವರಿಗೆ ಹಾಕುವಂತಿಲ್ಲ. ಕಂತಿನಲ್ಲಿ ಮುರಿದುಕೊಳ್ಳುವಂತಿಲ್ಲ. ಮೊದಲು ದಂಡದ ಮಿತಿ ರೂಪಾಯಿಗೆ ಅರ್ಧ ಆಣೆ ಇತ್ತು, ಆಮೇಲೆ ಅದು ಸಂಬಳದ ಶೇಕಡಾ 3 ಆಯಿತು. ಈ ಕಾಯ್ದೆಯ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಈ ಶೇಕಡಾ 3ರ ಮಿತಿ ಹಾಗೇ ಉಳಿದಿದೆ.

ತಡವಾಗಿ ಬಂದರೆ ಸಂಬಳ ಕಡಿಯಬಹುದು, ನಿಜ. ಆದರೆ ಎಷ್ಟು ಹೊತ್ತು ಇರಲಿಲ್ಲವೋ ಅಷ್ಟಕ್ಕೆ ಮಾತ್ರ. 5 ನಿಮಿಷ ತಡವಾದರೆ 5 ನಿಮಿಷದ ದುಡ್ಡು. ಅದಕ್ಕಿಂತ ಒಂದು ಪೈಸೆ ಜಾಸ್ತಿ ಮುರಿದರೂ ಅದು ದಂಡ, ಆಗ ಮೇಲೆ ಹೇಳಿದ ಬೇಲಿಯೆಲ್ಲ ಅನ್ವಯಿಸುತ್ತದೆ. ತಿಂಗಳಿಗೆ 26 ದಿನದ ಕೆಲಸ ಅಂದರೆ ಶೇಕಡಾ 3 ಅನ್ನುವುದು ಮುಕ್ಕಾಲು ದಿನದ ಸಂಬಳಕ್ಕಿಂತ ಚೂರು ಜಾಸ್ತಿ. ಅವರಿಂದ ನಾವು ಮುರಿದದ್ದು ಅದರ ಹತ್ತಿರಹತ್ತಿರ ಎರಡು ಪಟ್ಟು. ಅದೂ ಯಾವ ಪಟ್ಟಿಯೂ ಇಲ್ಲದೆ, ಒಂದು ಮಾತೂ ಕೇಳದೆ.

ಅದೇ ಕಾನೂನಿನಲ್ಲಿ ನನಗೆ ತುಂಬ ಇಷ್ಟವಾದ ಒಂದು ಮಾತಿದೆ. ಹೀಗೆ ಬಂದ ದಂಡದ ದುಡ್ಡು ಮಾಲೀಕರದ್ದಲ್ಲ. ಅದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆಯಬೇಕು, ಕೆಲಸಗಾರರಿಗೆ ಉಪಯೋಗವಾಗುವ ಕೆಲಸಕ್ಕೆ ಮಾತ್ರ ಬಳಸಬೇಕು. ಯೋಚನೆ ಮಾಡಿದರೆ ಇದು ಬಹಳ ದೊಡ್ಡ ಮಾತು. ದಂಡದಿಂದ ಲಾಭ ಬರುವುದಾದರೆ ದಂಡ ಹಾಕುವ ಕೈ ನಿಲ್ಲುವುದಿಲ್ಲ. ಕಾನೂನು ಬರೆದವರಿಗೆ ಅದು ಗೊತ್ತಿತ್ತು.

ನಮ್ಮಲ್ಲೂ ದಂಡದ ರಿಜಿಸ್ಟರ್ ಇತ್ತು. ಕಪಾಟಿನ ಎರಡನೇ ಖಾನೆಯಲ್ಲಿ, ಕೆಂಪು ಬೈಂಡಿನದ್ದು. ತೆರೆದು ನೋಡಿದರೆ ಪ್ರತಿ ತಿಂಗಳ ಪುಟದಲ್ಲೂ ಅಡ್ಡ ಗೆರೆ ಎಳೆದು ‘ನಿಲ್’ ಅಂತ ಬರೆದಿತ್ತು. ಕೆಳಗೆ ಸೀಲು, ಸಹಿ. ಆ ರಿಜಿಸ್ಟರಿನ ಪ್ರಕಾರ ನಮ್ಮ ಕಾರ್ಖಾನೆಯಲ್ಲಿ ಯಾರಿಗೂ ಯಾವತ್ತೂ ದಂಡ ಬಿದ್ದೇ ಇರಲಿಲ್ಲ. ‘ದಂಡ’ ಅನ್ನುವ ಹೆಸರು ತೆಗೆದು ‘ಇತರೆ ಕಡಿತ’ ಅಂತ ಬರೆದರೆ ಸಾಕಾಗಿತ್ತು. ಕಾನೂನಿನ ಬೇಲಿ ಪೂರ್ತಿ ನೆಲಕ್ಕೆ ಬೀಳುತ್ತಿತ್ತು.

ಹಳೆಯ ಕಥೆಗಳನ್ನು ಓದಿದಾಗ ಇದು ಒಂದು ಕಾರ್ಖಾನೆಯ, ಒಂದು ದೇಶದ ಚಟ ಅಲ್ಲ ಅಂತ ಗೊತ್ತಾಯಿತು. 1888ರಲ್ಲಿ ಲಂಡನ್ನಿನ ಪೂರ್ವ ಭಾಗದಲ್ಲಿ ಬ್ರಯಂಟ್ ಅಂಡ್ ಮೇ ಅನ್ನುವ ಬೆಂಕಿಪೊಟ್ಟಣದ ಕಾರ್ಖಾನೆ ಇತ್ತು. ಅಲ್ಲಿ ದುಡಿಯುತ್ತಿದ್ದ ಹುಡುಗಿಯರ ಬಗ್ಗೆ ಆನಿ ಬೆಸೆಂಟ್ ಪತ್ರಿಕೆಯಲ್ಲಿ ಬರೆದರು. ಹೌದು, ಮುಂದೆ ಭಾರತಕ್ಕೆ ಬಂದು ಹೋಂ ರೂಲ್ ಚಳವಳಿ ಕಟ್ಟಿದ ಅದೇ ಆನಿ ಬೆಸೆಂಟ್. ಹದಿನಾರು ವರ್ಷದ ಹುಡುಗಿಗೆ ವಾರಕ್ಕೆ 4 ಶಿಲಿಂಗ್, ಅಂದರೆ 48 ಪೆನ್ಸ್ ಸಂಬಳ. ಕಾಲು ಕೊಳೆಯಾಗಿದ್ದರೆ 3 ಪೆನ್ಸ್ ದಂಡ. ಬೆಂಚಿನ ಕೆಳಗೆ ಕಸ ಇದ್ದರೆ ದಂಡ, ಮಾತಾಡಿದರೆ ದಂಡ. ಬೆಂಚಿನ ಮೇಲೆ ಸುಟ್ಟ ಕಡ್ಡಿ ಬಿಟ್ಟರೆ 1 ಶಿಲಿಂಗ್, ಅಂದರೆ ವಾರದ ದುಡಿಮೆಯ ಕಾಲು ಭಾಗ. ತಡವಾಗಿ ಬಂದರೆ ಅರ್ಧ ದಿನ ಬಾಗಿಲು ಹಾಕಿ ಹೊರಗೇ ನಿಲ್ಲಿಸುತ್ತಿದ್ದರು.

ಇಷ್ಟು ಸಾಲದು ಅಂತ, ಪ್ರಧಾನಿಯಾಗಿದ್ದ ಗ್ಲಾಡ್‌ಸ್ಟನ್ ಅವರ ಪ್ರತಿಮೆ ನಿಲ್ಲಿಸಲು ಕೂಡ ಈ ಹುಡುಗಿಯರ ಸಂಬಳದಿಂದ ಒಂದೊಂದು ಶಿಲಿಂಗ್ ಮುರಿದಿದ್ದರು. ಬೆಸೆಂಟರ ಬರಹ ಬಂದ ಕೆಲವೇ ದಿನಗಳಲ್ಲಿ ಸುಮಾರು 1400 ಹೆಂಗಸರು, ಹುಡುಗಿಯರು ಕೆಲಸ ಬಿಟ್ಟು ಹೊರಗೆ ಬಂದರು. ಕೊನೆಗೆ ಆದ ಒಪ್ಪಂದದಲ್ಲಿ ದಂಡಗಳನ್ನೆಲ್ಲ ತೆಗೆಯಲಾಯಿತು. ದಂಡ ಹೋಗಿದ್ದು ಸರ್ಕಾರಿ ಅಧಿಕಾರಿ ಬಂದಿದ್ದರಿಂದ ಅಲ್ಲ, ಅವರು ಒಟ್ಟಾಗಿ ಎದ್ದು ನಡೆದಿದ್ದರಿಂದ. ಅದಾಗಿ ಎಂಟು ವರ್ಷಕ್ಕೆ, 1896ರಲ್ಲಿ, ದಂಡ ನ್ಯಾಯವಾಗಿರಬೇಕು, ಮೊದಲೇ ತಿಳಿಸಿರಬೇಕು, ಲೆಕ್ಕ ಇಡಬೇಕು ಅಂತ ಬ್ರಿಟನ್ನಿನ ಟ್ರಕ್ ಕಾಯ್ದೆ ಹೇಳಿತು (ಹೆಸರು ಟ್ರಕ್ ಅಂತಿದ್ದರೂ ಅದು ಸಂಬಳದ ಕಾನೂನು, ಲಾರಿಯದ್ದಲ್ಲ).

ಇನ್ನು ಮಾಲೀಕರಿಗೆ ದಂಡ ಹಾಕುವ ಕಡೆಗೆ ಬರೋಣ. ಕಾರ್ಖಾನೆಗೆ ಹೋಗಿ ತಪಾಸಣೆ ಮಾಡಲೆಂದೇ ಸಂಬಳ ಕೊಟ್ಟು ಅಧಿಕಾರಿಗಳನ್ನು ನೇಮಿಸಿದ್ದು ಬ್ರಿಟನ್ನಿನ 1833ರ ಫ್ಯಾಕ್ಟರಿ ಕಾಯ್ದೆ. ಇಡೀ ದೇಶಕ್ಕೆ ನಾಲ್ಕೇ ಜನ. ಅವರು ನೋಡಬೇಕಾಗಿದ್ದ ಗಿರಣಿಗಳು ಸುಮಾರು 3000. ಆ ಇನ್ಸ್‌ಪೆಕ್ಟರುಗಳಲ್ಲಿ ಲೆನಾರ್ಡ್ ಹಾರ್ನರ್ ಅಂತ ಒಬ್ಬರಿದ್ದರು, ಮೂಲತಃ ಭೂವಿಜ್ಞಾನಿ. ಕಾಲು ಶತಮಾನ ಈ ಕೆಲಸ ಮಾಡಿದರು. ಆ ಕಾಲದ ತಪಾಸಣಾ ವರದಿಗಳಲ್ಲಿ ನಿಮಿಷಗಳ ಕಳ್ಳತನದ ಮಾತು ಮತ್ತೆ ಮತ್ತೆ ಬರುತ್ತದೆ. ಬೆಳಿಗ್ಗೆ ಐದು ನಿಮಿಷ ಮುಂಚೆ ಯಂತ್ರ ಶುರು ಮಾಡುವುದು, ಸಂಜೆ ಐದು ನಿಮಿಷ ತಡವಾಗಿ ನಿಲ್ಲಿಸುವುದು, ಊಟದ ಹೊತ್ತಿನಲ್ಲಿ ಆ ಕಡೆ ಈ ಕಡೆ ಚೂರು ಚೂರು ಕಚ್ಚುವುದು.

ನಾನೇ ಒಂದು ಲೆಕ್ಕ ಹಾಕಿದೆ. ದಿನಕ್ಕೆ 5 ನಿಮಿಷ, ವರ್ಷಕ್ಕೆ 300 ದಿನ. 1500 ನಿಮಿಷ, ಅಂದರೆ 25 ಗಂಟೆ. ಹತ್ತು ಗಂಟೆಯ ದಿನ ಅಂತ ಇಟ್ಟುಕೊಂಡರೂ ಎರಡೂವರೆ ದಿನದ ಬಿಟ್ಟಿ ದುಡಿಮೆ, ಒಬ್ಬೊಬ್ಬರಿಂದ. ಮಾಲೀಕರು ಕೆಲಸಗಾರರಿಂದ ತೆಗೆದುಕೊಂಡ ಐದು ನಿಮಿಷಕ್ಕೆ ಯಾರೂ ಅರ್ಧ ದಿನದ ದಂಡ ಹಾಕುವುದಿಲ್ಲ ಅಲ್ವಾ? ಗೇಟಿನಲ್ಲಿ ಕೂತಿದ್ದ ನಾನು ಅಳೆಯುತ್ತಿದ್ದದ್ದು ಒಂದೇ ಕಡೆಯ ನಿಮಿಷಗಳನ್ನು.

ನಮ್ಮಲ್ಲಿಗೂ ಇನ್ಸ್‌ಪೆಕ್ಷನ್ ಬಂತು. ಬರುತ್ತದೆ ಅಂತ ಹಿಂದಿನ ದಿನವೇ ಗೊತ್ತಿತ್ತು. ಆ ರಾತ್ರಿ ನಾವು ಮೂವರು ಕೂತು ರಿಜಿಸ್ಟರುಗಳನ್ನು ಸರಿ ಮಾಡಿದೆವು. ನಾಲ್ಕು ತಿಂಗಳ ಪುಟಗಳು ಒಂದೇ ರಾತ್ರಿಯಲ್ಲಿ ತುಂಬಿದವು. ಬೇರೆ ಬೇರೆ ದಿನ ಬರೆದ ಹಾಗೆ ಕಾಣಲಿ ಅಂತ ಪೆನ್ನು ಬದಲಾಯಿಸಿಕೊಂಡು ಬರೆದದ್ದು ನನ್ನದೇ ಕೈ. ಅದನ್ನು ಇವತ್ತು ಇಲ್ಲಿ ಹೇಳಲೇಬೇಕು.

1947ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕಾರ್ಮಿಕ ತಪಾಸಣೆಯ ಬಗ್ಗೆ 81ನೇ ಒಡಂಬಡಿಕೆ ಮಾಡಿತು. ಭಾರತ ಅದನ್ನು 1949ರಲ್ಲಿ ಒಪ್ಪಿಕೊಂಡಿತು. ಇನ್ಸ್‌ಪೆಕ್ಟರ್ ಮುಂಚೆ ತಿಳಿಸದೆ, ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಒಳಗೆ ಹೋಗಬಹುದು ಅಂತ ಅದರಲ್ಲಿದೆ. ಇದನ್ನು ಓದಿದಾಗ ನನಗೆ ನೆನಪಾಗಿದ್ದು ಆ ರಾತ್ರಿ. ಮುಂಚೆ ತಿಳಿದರೆ ತಪಾಸಣೆ ಆಗುವುದು ಕಾರ್ಖಾನೆಯದ್ದಲ್ಲ, ನಮ್ಮ ಕೈಬರಹದ್ದು.

ಬಂದ ಇನ್ಸ್‌ಪೆಕ್ಟರ್ ಕೆಟ್ಟವರಲ್ಲ. ರಿಜಿಸ್ಟರ್ ತಿರುವಿ ಹಾಕಿ, ಎದ್ದು ಲೈನಿಗೆ ಹೋದರು. ಒಬ್ಬೊಬ್ಬರನ್ನೇ ಕೇಳಿದರು: “ಸಂಜೆ ಎಷ್ಟೊತ್ತಿಗೆ ಬಿಡ್ತಾರಮ್ಮಾ?” ಅವರ ಹಿಂದೆ ಸೂಪರ್‌ವೈಸರ್ ಕೈ ಕಟ್ಟಿಕೊಂಡು ನಿಂತಿದ್ದರು. ಎಲ್ಲರೂ ಹೊಲಿಗೆಯಿಂದ ತಲೆ ಎತ್ತದೆ ಒಂದೇ ಮಾತು ಹೇಳಿದರು, “ಆರಕ್ಕೆ ಸಾರ್.” ದೂರು ಕೊಟ್ಟವರು ಯಾರು ಅನ್ನುವುದನ್ನು ಇನ್ಸ್‌ಪೆಕ್ಟರ್ ಗುಟ್ಟಾಗಿಡಬೇಕು ಅಂತಲೂ ಆ ಒಡಂಬಡಿಕೆ ಹೇಳುತ್ತದೆ. ಆದರೆ ಎಂಟು ಜನರ ಲೈನಿನಲ್ಲಿ, ಸೂಪರ್‌ವೈಸರ್ ಕಣ್ಣೆದುರು, ಗುಟ್ಟು ಎಲ್ಲಿ ಉಳಿಯುತ್ತದೆ? ಗೇಟಿನ ಹೊರಗೆ, ಕೆಲಸ ಮುಗಿದ ಮೇಲೆ ಕೇಳಿದ್ದರೆ ಬೇರೆ ಉತ್ತರ ಸಿಗುತ್ತಿತ್ತು.

ಆದರೂ ಅವರಿಗೆ ಒಂದು ಎಳೆ ಸಿಕ್ಕಿತು. ಸೆಕ್ಯುರಿಟಿಯವರು ಗೇಟಿನಲ್ಲಿ ಬರೆಯುವ ಪುಸ್ತಕವನ್ನು ಸರಿ ಮಾಡಲು ನಾವು ಮರೆತಿದ್ದೆವು. ಅದರಲ್ಲಿ ಹೆಂಗಸರು ಹೊರಗೆ ಹೋದ ಹೊತ್ತು ನಿಜವಾದದ್ದೇ ಇತ್ತು. ಓವರ್‌ಟೈಮ್ ಬರೆದಿಲ್ಲ ಅಂತ ಕೇಸಾಯಿತು. ತಿಂಗಳುಗಟ್ಟಲೆ ಆದಮೇಲೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದರು. ಅದರ ವೋಚರ್ ಬರೆದವನೂ ನಾನೇ. ಯಾವ ಖಾತೆಗೆ ಹಾಕಬೇಕು ಅಂತ ಅಕೌಂಟ್ಸಿನವರನ್ನು ಕೇಳಿದೆ. “ಇತರೆ ವೆಚ್ಚ ಅಂತ ಹಾಕಿ” ಅಂದರು. ಆ ತಿಂಗಳ ಜನರೇಟರ್ ಡೀಸೆಲ್ ವೋಚರಿಗಿಂತ ಅದು ಚಿಕ್ಕದಾಗಿತ್ತು.

ದಂಡ ಸರ್ಕಾರದ ಖಜಾನೆಗೆ ಹೋಯಿತು. ರಾತ್ರಿ ಎಂಟರ ತನಕ ನಿಂತವರಿಗೆ ಆ ಗಂಟೆಗಳ ದುಡ್ಡು ಬರಲಿಲ್ಲ.

ನಾನು ಹೇಳಬೇಕಾದದ್ದು ಇಷ್ಟೇ. ಕೆಲಸಗಾರರ ದಂಡ ಮತ್ತು ಮಾಲೀಕರ ದಂಡ ಎರಡಕ್ಕೂ ಒಂದೇ ಪದ ಬಳಸುತ್ತೇವೆ, ಆದರೆ ಅವು ಒಂದೇ ಅಲ್ಲ. ಕೆಲಸಗಾರರ ದಂಡಕ್ಕೆ ಇನ್ಸ್‌ಪೆಕ್ಟರ್ ಬೇಡ, ಕೋರ್ಟ್ ಬೇಡ, ನೋಟಿಸ್ ಬೇಡ. ಟೈಮ್ ಆಫೀಸಿನ ಒಬ್ಬ ಗುಮಾಸ್ತ ಸಾಕು. ಸಂಬಳ ಕೈಗೆ ಬರುವ ಮೊದಲೇ ಅದು ವಸೂಲಾಗಿರುತ್ತದೆ, ನೂರಕ್ಕೆ ನೂರು. ಮಾಲೀಕರ ದಂಡಕ್ಕೆ ಯಾರೋ ದೂರು ಕೊಡಬೇಕು, ಯಾರೋ ಬರಬೇಕು, ಸಾಕ್ಷಿ ಸಿಗಬೇಕು, ದಿನಾಂಕಗಳು ಮುಂದೆ ಹೋಗಬೇಕು. ಕೊನೆಗೆ ಬಂದರೂ ಅದು ಒಂದು ವೋಚರ್.

ಲೆಕ್ಕ ಗೊತ್ತಿರುವ ಮಾಲೀಕರು ಇದನ್ನು ಲೆಕ್ಕದ ಹಾಗೇ ನೋಡುತ್ತಾರೆ. ನಿಯಮ ಮುರಿದರೆ 100 ಉಳಿಯುತ್ತದೆ ಅನ್ನಿ. ಹತ್ತು ಸಲದಲ್ಲಿ ಒಂದು ಸಲ ಸಿಕ್ಕಿಬೀಳುತ್ತಾರೆ, ಆಗ ದಂಡ 200. ಹತ್ತು ಸಲಕ್ಕೆ ಉಳಿದದ್ದು 1000, ಕಟ್ಟಿದ್ದು 200. ಇಲ್ಲಿ ದಂಡ ಶಿಕ್ಷೆ ಆಗುವುದಿಲ್ಲ, ನಿಯಮ ಮುರಿಯಲು ಕೊಡುವ ಬಾಡಿಗೆ ಆಗುತ್ತದೆ.

ಅತಿ ಕೆಟ್ಟ ಉದಾಹರಣೆ ನ್ಯೂಯಾರ್ಕಿನದ್ದು. 1911ರ ಮಾರ್ಚ್ 25ರಂದು ಟ್ರಯಾಂಗಲ್ ಅನ್ನುವ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. 146 ಜನ ಸತ್ತರು, ಬಹುಪಾಲು ವಲಸೆ ಬಂದ ಹುಡುಗಿಯರು. ಹೊರಗೆ ಹೋಗುವ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಮಾಲೀಕರಿಬ್ಬರೂ ಕೋರ್ಟಿನಲ್ಲಿ ಖುಲಾಸೆಯಾದರು. ಎರಡು ವರ್ಷ ಕಳೆದು 1913ರಲ್ಲಿ ಅವರಲ್ಲೊಬ್ಬ ಇನ್ನೊಂದು ಜಾಗದಲ್ಲಿ ಕೆಲಸದ ಹೊತ್ತಿನಲ್ಲಿ ಮತ್ತೆ ಬಾಗಿಲಿಗೆ ಬೀಗ ಹಾಕಿಸಿ ಸಿಕ್ಕಿಬಿದ್ದ. ದಂಡ 20 ಡಾಲರ್. 146 ಜನರ ಸಾವು ಕಲಿಸದ್ದನ್ನು 20 ಡಾಲರ್ ಕಲಿಸುತ್ತದೆಯೇ?

ಕೆಲಸಗಾರರಿಗೂ ಶಿಸ್ತು ಬೇಡವೇ ಅಂತ ಕೆಲವರು ಕೇಳುತ್ತಾರೆ. ಬೇಕು. ಯಂತ್ರದ ಗಾರ್ಡ್, ಅಂದರೆ ಪೆಟ್ಟಾಗದಂತೆ ಹಾಕಿದ ತಡೆ, ತೆಗೆದಿಟ್ಟು ಕೆಲಸ ಮಾಡಿದರೆ ಅಪಾಯ ಪಕ್ಕದವರಿಗೂ ಇದೆ. ಭಾರತದ 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ ಕೆಲಸಗಾರರ ಕರ್ತವ್ಯಗಳೂ ಇದ್ದವು, ತಪ್ಪಿದರೆ 500 ರೂಪಾಯಿವರೆಗೆ ದಂಡವೂ ಇತ್ತು. ಆದರೆ ನಾನು ಕಂಡ ಹಾಗೆ, ಸುರಕ್ಷತೆಗೆ ದಂಡ ಹಾಕಲು ಶುರು ಮಾಡಿದ ದಿನದಿಂದ ಜನ ಗಾಯ ಮುಚ್ಚಿಡಲು ಶುರು ಮಾಡುತ್ತಾರೆ. ಬೆರಳಿಗೆ ಸೂಜಿ ಹೊಕ್ಕರೆ ಬಟ್ಟೆ ತುಂಡು ಸುತ್ತಿಕೊಂಡು ಹೊಲಿಯುತ್ತಾರೆ. ಗಾರ್ಡ್ ತೆಗೆದದ್ದು ಯಾಕೆ ಅಂತ ಕೇಳಿದರೆ ಉತ್ತರ ಬಹಳ ಸಲ ಒಂದೇ: ಗಾರ್ಡ್ ಇದ್ದರೆ ಗಂಟೆಯ ಟಾರ್ಗೆಟ್ ಮುಟ್ಟುವುದಿಲ್ಲ. ಟಾರ್ಗೆಟ್ ಹಾಕಿದವರು ಯಾರು?

ವಲಸೆ ಹೋದವರ ಸ್ಥಿತಿ ಇದಕ್ಕಿಂತ ಕಷ್ಟ. ಕೊಲ್ಲಿಯ ಹಲವು ದೇಶಗಳ ಕಫಾಲಾ ಪದ್ಧತಿಯಲ್ಲಿ ಕೆಲಸಗಾರರ ವಾಸದ ಪರವಾನಗಿ ಮಾಲೀಕರ ಕೈಯಲ್ಲಿ. ಮಾಲೀಕರು ಅದನ್ನು ನವೀಕರಿಸದೆ ಬಿಟ್ಟರೆ ದಿನದಿನಕ್ಕೆ ಬೆಳೆಯುವ ದಂಡ ಬಹಳ ಸಲ ಕೆಲಸಗಾರರ ತಲೆಗೆ ಬರುತ್ತದೆ. ಸಂಬಳ ಬಂದಿಲ್ಲ ಅಂತ ದೂರು ಕೊಡಲು ಹೋದರೆ ತಾವೇ ಅಕ್ರಮವಾಗಿ ಇದ್ದವರಾಗುತ್ತಾರೆ. ಇದಕ್ಕೂ ಆ 81ನೇ ಒಡಂಬಡಿಕೆಯಲ್ಲಿ ಒಂದು ಸಾಲಿದೆ. ಇನ್ಸ್‌ಪೆಕ್ಟರಿಗೆ ಬೇರೆ ಯಾವ ಕೆಲಸ ಕೊಟ್ಟರೂ ಅದು ಕೆಲಸಗಾರರನ್ನು ಕಾಯುವ ಮುಖ್ಯ ಕೆಲಸಕ್ಕೆ ಅಡ್ಡ ಬರಬಾರದು. ವೀಸಾ ಕೇಳುವ ಅಧಿಕಾರಿ ಮತ್ತು ಸಂಬಳ ಬಂತಾ ಅಂತ ಕೇಳುವ ಅಧಿಕಾರಿ ಒಬ್ಬರೇ ಆದರೆ ಯಾರು ಬಾಯಿ ಬಿಡುತ್ತಾರೆ?

ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ದಂಡ ಎಷ್ಟು ಅನ್ನುವುದಲ್ಲ, ಬಾಕಿ ದುಡ್ಡು ದುಡಿದವರ ಕೈಗೆ ಬಂತಾ ಅನ್ನುವುದು. ಅಮೆರಿಕದ 1938ರ ಕಾನೂನು ಬಾಕಿ ಸಂಬಳದ ಜೊತೆಗೆ ಅಷ್ಟೇ ಮೊತ್ತವನ್ನು ಪರಿಹಾರವಾಗಿ ಕೆಲಸಗಾರರಿಗೇ ಕೊಡಿಸುತ್ತದೆ. ಭಾರತದ ವೇತನ ಸಂಹಿತೆಯಲ್ಲಿ ಬಾಕಿಯ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸಬಹುದು, ಮೂರು ವರ್ಷದೊಳಗೆ ಕೇಳಬಹುದು. ಇದು ನಿಜವಾಗಿ ಹಲ್ಲಿರುವ ಮಾತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಈ ಸಂಹಿತೆ ಇನ್ಸ್‌ಪೆಕ್ಟರಿಗೆ ‘ಇನ್ಸ್‌ಪೆಕ್ಟರ್ ಕಮ್ ಫೆಸಿಲಿಟೇಟರ್’, ಅಂದರೆ ತಪಾಸಣೆಯ ಜೊತೆ ನೆರವೂ ಕೊಡುವವರು, ಅಂತ ಹೆಸರಿಟ್ಟಿದೆ. ಕೆಲವು ತಪ್ಪುಗಳಿಗೆ ಕೇಸ್ ಹಾಕುವ ಮೊದಲು ಸರಿಪಡಿಸಿಕೊಳ್ಳಲು ಒಂದು ಅವಕಾಶ ಕೊಡಬೇಕು. ಐದು ವರ್ಷದೊಳಗೆ ಅದೇ ತಪ್ಪು ಮಾಡಿದರೆ ಆ ಅವಕಾಶ ಇಲ್ಲ.

ನಾಲ್ಕು ಜನರನ್ನು ಇಟ್ಟುಕೊಂಡು, ಫಾರಂ ತುಂಬಲು ತಿಳಿಯದೆ ಒದ್ದಾಡುವ ಸಣ್ಣ ಮಾಲೀಕರಿಗೆ ಇದು ಒಳ್ಳೆಯದು. ಅವರನ್ನು ಹೆದರಿಸಿ ಏನೂ ಸಿಗುವುದಿಲ್ಲ. ಆದರೆ ಒಂದೇ ರಾತ್ರಿಯಲ್ಲಿ ನಾಲ್ಕು ತಿಂಗಳ ರಿಜಿಸ್ಟರ್ ತುಂಬುವ ಜಾಗ ನನಗೆ ಗೊತ್ತು. ಅಲ್ಲಿ ಸರಿಪಡಿಸುವುದು ಅಂದರೆ ಪುಸ್ತಕ ಸರಿ ಮಾಡುವುದು. ಮುರಿದ ದುಡ್ಡು ವಾಪಸ್ ಕೊಟ್ಟದ್ದಕ್ಕೆ ಸಾಕ್ಷಿ ಕೇಳಬೇಕು. ಅದೂ ಮಾಲೀಕರ ಪುಸ್ತಕದಿಂದ ಅಲ್ಲ, ಕೆಲಸಗಾರರ ಬ್ಯಾಂಕ್ ಖಾತೆಯಿಂದ.

ಕೋರ್ಟಿನಲ್ಲಿ ದಂಡ ಕಟ್ಟಿದ ಮುಂದಿನ ತಿಂಗಳು ನಮ್ಮ ಸಂಬಳದ ಚೀಟಿ ಬದಲಾಯಿತು. ‘ಇತರೆ ಕಡಿತ’ ಅನ್ನುವ ಸಾಲು ಹೋಯಿತು. ಅದರ ಜಾಗಕ್ಕೆ ‘ಹಾಜರಿ ಹೊಂದಾಣಿಕೆ’ ಅಂತ ಬಂತು. ಊಟದ ಬಿಡುವಿನಲ್ಲಿ ಆ ಅಕ್ಕ ಮತ್ತೆ ಕಿಟಕಿಗೆ ಬಂದು ಹೊಸ ಸಾಲಿನ ಮೇಲೆ ಬೆರಳಿಟ್ಟರು.

“ಇದು ಹೊಸದಾ ಸಾರ್?”

ಈ ಸಲ ನಾನು ತೊದಲಲಿಲ್ಲ. ಒಂದು ಹಾಳೆ ತೆಗೆದುಕೊಂಡೆ. ಅವರು ತಡವಾಗಿ ಬಂದ ದಿನಗಳನ್ನು, ನಿಮಿಷಗಳನ್ನು ಬರೆದೆ. ಪಕ್ಕದಲ್ಲಿ ಮುರಿದ ದುಡ್ಡು. ಕೆಳಗೆ, ಗೇಟಿನ ಪುಸ್ತಕ ನೋಡಿ, ಅವರು ಸಂಜೆ ಆರರ ನಂತರ ಹೊರಗೆ ಹೋದ ದಿನಗಳನ್ನೆಲ್ಲ ಬರೆದೆ. ಲೇಬರ್ ಆಫೀಸ್ ಎಲ್ಲಿದೆ, ಯಾವ ಹೊತ್ತಿಗೆ ತೆರೆಯುತ್ತದೆ ಅಂತಲೂ ಬರೆದು ಕೈಗೆ ಕೊಟ್ಟೆ.

ಅವರು ಹಾಳೆಯನ್ನು ಪೂರ್ತಿ ಓದಿದರು. ಕೊನೆಯ ಸಾಲನ್ನು ಎರಡು ಸಲ.

“ಇಲ್ಲಿಗೆ ಹೋದ್ರೆ ಒಂದು ದಿನದ ಸಂಬಳ ಹೋಗುತ್ತಲ್ಲ ಸಾರ್?”

ಅರ್ಜಿ ಕೊಡಲು ಒಂದು ದಿನ. ವಿಚಾರಣೆಗೆ ಕರೆದಾಗೆಲ್ಲ ಇನ್ನೊಂದೊಂದು ದಿನ.

“ಹೋಗುತ್ತೆ ಅಕ್ಕಾ” ಅಂದೆ.

ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡರು. ನನ್ನ ತಲೆಯ ಮೇಲಿದ್ದ ಗಡಿಯಾರ ನೋಡಿದರು. ಬಿಡುವು ಮುಗಿಯಲು ಎರಡು ನಿಮಿಷ ಇತ್ತು. ಲೈನಿನ ಕಡೆ ಓಡಿದರು.